ಅಲೆಗೊಂದು ಹೆಸರು

ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ತೆರೆಯ ಮೇಲೆ ನೋಡಲೆಂದು ನರವಿಜ್ಞಾನಿ ಜಾನ್ ಹಂಟರ್ ಕಟ್ಟಿದ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಪೈಥಾನ್ ಚಿತ್ರಣ ಲೈಬ್ರರಿ 2003ರಲ್ಲಿ ಹೊರಬಂತು. ಪ್ರತಿ ಫ್ರೇಮಿಗೂ ನಾವು ಬರೆದ ಫಂಕ್ಷನ್ ಕರೆದು ಚಿತ್ರವನ್ನು ಕದಲಿಸುವ ಅದರ ಫಂಕ್‌ಆನಿಮೇಷನ್ ನನಗೆ ಬಲು ಇಷ್ಟ.

ಮೊದಮೊದಲು ನನ್ನ ಸೈನ್ ಅಲೆ ಕದಲುತ್ತಲೇ ಇರಲಿಲ್ಲ, ಲೆಕ್ಕದಲ್ಲೂ ತಪ್ಪಿರಲಿಲ್ಲ. ಆನಿಮೇಷನ್ನನ್ನು ಯಾವ ವೇರಿಯಬಲ್‌ನಲ್ಲೂ ಹಿಡಿದಿಟ್ಟಿರಲಿಲ್ಲ, ಅಷ್ಟೇ. ಹಿಡಿದವರಿಲ್ಲದ ವಸ್ತುವನ್ನು ಪೈಥಾನ್ ಗುಡಿಸಿ ಹಾಕುತ್ತದೆ. ಒಂದು ಹೆಸರು ಕೊಟ್ಟೆ, ಅಲೆ ಹರಿಯಿತು!

ಆಮೇಲೆ ಕುಂಟತೊಡಗಿತು. ಪ್ರತಿ ಫ್ರೇಮಿಗೂ ಪ್ಲಾಟ್ ಕರೆದು ಗೆರೆಯ ಮೇಲೆ ಗೆರೆ ಪೇರಿಸುತ್ತಿದ್ದೆ. ಇರುವ ಗೆರೆಗೇ ಸೆಟ್_ಡೇಟಾದಿಂದ ಹೊಸ ಬಿಂದುಗಳನ್ನು ಕೊಟ್ಟರೆ ಸಾಕು. ಬ್ಲಿಟ್ ಆಯ್ಕೆ ಹಾಕಿದರಂತೂ ಬದಲಾದದ್ದನ್ನಷ್ಟೇ ಮತ್ತೆ ಬಿಡಿಸುತ್ತದೆ. ಆದರೆ ಆಗ ನಮ್ಮ ಫಂಕ್ಷನ್ ಆ ಗೆರೆಯನ್ನು ಹಿಂದಿರುಗಿಸಬೇಕು, ಒಂಟಿ ಗೆರೆಯಾದರೆ ಪಕ್ಕದಲ್ಲೊಂದು ಅಲ್ಪವಿರಾಮ ಇಟ್ಟು. ಆ ಅಲ್ಪವಿರಾಮ ಹುಡುಕುತ್ತ ಒಂದಿಡೀ ಸಂಜೆ ಕಳೆದಿದ್ದೇನೆ. ಕೊನೆಗೆ ಅಲೆ ನಯವಾಗಿ ಜಾರಿದ ಗಳಿಗೆ ಇನ್ನೂ ಕಣ್ಣಲ್ಲಿದೆ.