ಎರಡು ಪುಟ ಕಿತ್ತ ನ್ಯಾಯ

ಶಾಲಾ ಪತ್ರಿಕೆಯ ಸ್ವಾತಂತ್ರ್ಯದ ಚರ್ಚೆ ಅಮೆರಿಕದಲ್ಲಿ ಇಂದಿಗೂ ‘ಹೇಜಲ್‌ವುಡ್ ವಿರುದ್ಧ ಕುಲ್‌ಮೈಯರ್’ ತೀರ್ಪನ್ನು ದಾಟಿ ಹೋಗಲಾರದು. 1983ರ ಮೇ ತಿಂಗಳಲ್ಲಿ ಮಿಸೌರಿಯ ಹೇಜಲ್‌ವುಡ್ ಈಸ್ಟ್ ಪ್ರೌಢಶಾಲೆಯ ಪ್ರಾಂಶುಪಾಲರು ವಿದ್ಯಾರ್ಥಿಗಳ ‘ಸ್ಪೆಕ್ಟ್ರಮ್’ ಪತ್ರಿಕೆಯಿಂದ ಎರಡು ಪುಟಗಳನ್ನೇ ತೆಗೆಸಿದರು. ಐದು ವರ್ಷಗಳ ಬಳಿಕ ಸುಪ್ರೀಂ ಕೋರ್ಟ್ 5–3ರ ಬಹುಮತದಿಂದ ಅದು ಸರಿಯೆಂದಿತು.

ಪ್ರಾಂಶುಪಾಲರ ಆತಂಕ ಪೂರಾ ಪೊಳ್ಳಲ್ಲ. ಆ ಪುಟಗಳ ಒಂದು ಲೇಖನದಲ್ಲಿ ಗರ್ಭಿಣಿಯರಾಗಿದ್ದ ಮೂವರು ವಿದ್ಯಾರ್ಥಿನಿಯರ ಹೆಸರು ಬದಲಿಸಿದ್ದರೂ ಗುರುತು ಸಿಗುವಂತಿತ್ತು ಎಂಬುದು ಅವರ ವಾದ. ಹೆತ್ತವರ ವಿಚ್ಛೇದನದ ಕುರಿತ ಇನ್ನೊಂದು ಲೇಖನದಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ತಂದೆಯನ್ನು ದೂರಿದ್ದಳು. ತಂದೆಯನ್ನು ಯಾರೂ ಕೇಳಿರಲಿಲ್ಲ. ಇದು ಯಾವ ಸಂಪಾದಕನಾದರೂ ಹಿಡಿಯಬೇಕಾದ ತಪ್ಪು. ಆದರೆ ಹಿಡಿದ ಮೇಲೆ ಏನು ಮಾಡಬೇಕಿತ್ತು? ವರದಿಗಾರ್ತಿಯನ್ನು ಕರೆದು ‘ಅವರಿಗೊಂದು ಫೋನ್ ಮಾಡಮ್ಮ’ ಎನ್ನಬೇಕಿತ್ತು. ತಂದೆಯನ್ನು ದೂರಿದ್ದ ಹುಡುಗಿಯ ಹೆಸರನ್ನು ಅಂತಿಮ ಪ್ರತಿಯಲ್ಲಿ ಶಿಕ್ಷಕರು ಆಗಲೇ ತೆಗೆದಿದ್ದರು. ಪ್ರಾಂಶುಪಾಲರಿಗೆ ಅದು ಗೊತ್ತೇ ಇರಲಿಲ್ಲ. ಶೈಕ್ಷಣಿಕ ವರ್ಷಾಂತ್ಯ, ತಿದ್ದಲು ಸಮಯವಿಲ್ಲವೆಂದು ಅವರು ಭಾವಿಸಿದರು. ತಕರಾರೇ ಇಲ್ಲದ ಲೇಖನಗಳೂ ಪುಟದೊಂದಿಗೆ ಹೋದವು.

ತೀರ್ಪಿನ ದೋಷ ನನಗೆ ಕಾಣುವುದು ಇಲ್ಲಿಯೇ. 1969ರ ಟಿಂಕರ್ ಪ್ರಕರಣದಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ ಮಕ್ಕಳ ಹಕ್ಕನ್ನು ಎತ್ತಿಹಿಡಿದ ನ್ಯಾಯಾಲಯ, ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿಯಾಗುವಂತಿದ್ದರೆ ಮಾತ್ರ ತಡೆಯಬಹುದೆಂದಿತ್ತು. ಹೇಜಲ್‌ವುಡ್‌ನಲ್ಲಿ ನ್ಯಾಯಮೂರ್ತಿ ಬೈರನ್ ವೈಟ್, ಪತ್ರಿಕೆ ಪಾಠದ ಭಾಗವಾದ್ದರಿಂದ ನ್ಯಾಯಸಮ್ಮತ ಶೈಕ್ಷಣಿಕ ಕಾರಣವೊಂದಿದ್ದರೆ ಸಾಕೆಂದರು. ಅಷ್ಟು ಸಡಿಲವಾದ ಮಾತಿನೊಳಗೆ ಮುಜುಗರದ ಯಾವ ಸುದ್ದಿಯನ್ನೂ ಅಡಗಿಸಬಹುದು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೆನನ್, ಇಷ್ಟೊಂದು ಕಠೋರ ಕ್ರಮ ಬೇಕಿರಲಿಲ್ಲ ಎಂದದ್ದು ನನಗೆ ಹೆಚ್ಚು ಸರಿಯೆನಿಸುತ್ತದೆ. ಬರಹ ತಿದ್ದುವುದನ್ನು ಕಲಿಸದೆ ಪುಟವನ್ನೇ ಕಿತ್ತುಕೊಂಡರೆ ಮಗು ಕಲಿಯುವುದು ನೀತಿಯನ್ನಲ್ಲ, ಭಯವನ್ನು.

ಬೇರೆ ದಾರಿಯೂ ಇದೆ. ಈ ತೀರ್ಪಿನ ಬಳಿಕ ಕಾನ್ಸಾಸ್ ರಾಜ್ಯ 1992ರಲ್ಲಿ ವಿದ್ಯಾರ್ಥಿ ಪತ್ರಿಕೆಗಳಿಗೆ ಪ್ರತ್ಯೇಕ ರಕ್ಷಣಾ ಕಾಯ್ದೆ ತಂದಿತು. 2017ರಲ್ಲಿ ಅಲ್ಲಿನ ಪಿಟ್ಸ್‌ಬರ್ಗ್ ಪ್ರೌಢಶಾಲೆಯ ವಿದ್ಯಾರ್ಥಿಗಳು ಹೊಸದಾಗಿ ನೇಮಕಗೊಂಡ ಪ್ರಾಂಶುಪಾಲರ ಪದವಿಗಳು ನಿಜವೇ ಎಂದು ಬೆನ್ನುಹತ್ತಿದರು. ವಿದ್ಯಾರ್ಥಿಗಳ ಶಿಕ್ಷಕಿ ಆ ನೇಮಕಾತಿಯ ಸಮಿತಿಯಲ್ಲಿದ್ದ ಕಾರಣಕ್ಕೆ ಈ ವರದಿಯ ಮಾರ್ಗದರ್ಶನದಿಂದ ತಾವೇ ಹಿಂದೆ ಸರಿದರು. ಹೊರಗಿನವರೊಬ್ಬರು ಆ ಹೊಣೆ ಹೊತ್ತರು. ಮಕ್ಕಳು ಆ ಪ್ರಾಂಶುಪಾಲರೊಂದಿಗೆ ಫೋನಿನಲ್ಲಿ ಮಾತಾಡಿ ಅವರ ಉತ್ತರ ಕೇಳಿದ ಮೇಲೆಯೇ ವರದಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಪ್ರಾಂಶುಪಾಲರು ರಾಜೀನಾಮೆ ಕೊಟ್ಟರು.