ಬೆಲ್ಮಾಂಟ್ ವರದಿಯ ಮೂರನೆಯ ತತ್ವ

ಸಂಶೋಧನೆಯ ನೀತಿ ಕುರಿತು ಪಾಠ ಹೇಳುವವರೆಲ್ಲ ಹೆಸರಿಸುವ ಬೆಲ್ಮಾಂಟ್ ವರದಿಯನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. 1979ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚಾದ ಈ ಕಿರುಬರಹ ಮನುಷ್ಯರ ಮೇಲಿನ ಪ್ರಯೋಗಗಳಿಗೆ ಮೂರು ತತ್ವಗಳನ್ನು ಕೊಟ್ಟಿತು: ವ್ಯಕ್ತಿಗೆ ಗೌರವ, ಹಿತ, ನ್ಯಾಯ. ಮೊದಲನೆಯದು ಊರೂರು ಸುತ್ತಿದೆ. ಮೂರನೆಯದನ್ನು ಹೊಗಳಿ ಕೂರಿಸಿದ್ದೇವೆ, ಅಷ್ಟೇ. ಇದರಲ್ಲಿ ವರದಿಯ ಪಾಲೂ ಇದೆ ಎಂಬುದು ನನ್ನ ತಕರಾರು.

ಈ ವರದಿ ಹುಟ್ಟಿದ ಹಿನ್ನೆಲೆ ಟಸ್ಕೀಗಿ ಸಿಫಿಲಿಸ್ ಅಧ್ಯಯನ. 1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಅಲಬಾಮಾದ ಮೇಕನ್ ಕೌಂಟಿಯಲ್ಲಿ ಸುಮಾರು 600 ಕಪ್ಪು ಜನರನ್ನು ಕಲೆಹಾಕಿತು. ಹೆಚ್ಚಿನವರು ಬಡ ಗೇಣಿದಾರರು. 399 ಮಂದಿಗೆ ಸಿಫಿಲಿಸ್ ಇತ್ತು. ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಅವರಿಗೆ ಹೇಳಿದರು. ಪರೀಕ್ಷೆಗೆಂದು ಬೆನ್ನಿಗೆ ಸೂಜಿ ಚುಚ್ಚಿ ದ್ರವ ತೆಗೆದದ್ದನ್ನೂ ವಿಶೇಷ ಉಚಿತ ಚಿಕಿತ್ಸೆ ಎಂದು ನಂಬಿಸಿದರು. ಊಟ ಕೊಟ್ಟರು. ಸತ್ತ ಮೇಲೆ ಹೆಣ ಕೊಯ್ಯಲು ಬಿಟ್ಟರೆ ಮಣ್ಣಿನ ಖರ್ಚು ಕೊಡುವುದಾಗಿಯೂ ಹೇಳಿದರು. ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡಲಿಲ್ಲ. 1972ರಲ್ಲಿ ಇಲಾಖೆಯ ಮಾಜಿ ನೌಕರ ಪೀಟರ್ ಬಕ್ಸ್‌ಟನ್ ಪತ್ರಕರ್ತರಿಗೆ ಸುಳಿವು ಕೊಡುವವರೆಗೆ ಇದು ನಡೆಯಿತು. ಇದೇನು ಗುಟ್ಟಿನ ಕೆಲಸವಾಗಿರಲಿಲ್ಲ. 1936ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ಲೇಖನಗಳು ಬರುತ್ತಿದ್ದವು. ಓದಿದ ವೈದ್ಯರು ಪುಟ ತಿರುವಿ ಮುಂದೆ ಹೋಗಿದ್ದರು.

ಈ ಹಗರಣದ ಬೆನ್ನಿಗೆ ಬಂದ 1974ರ ಕಾಯ್ದೆಯಂತೆ ನೇಮಕವಾಗಿ ಈ ವರದಿಯನ್ನು ಬರೆದ 11 ಜನರ ಆಯೋಗ 1976ರ ಫೆಬ್ರುವರಿಯಲ್ಲಿ ಮೇರಿಲ್ಯಾಂಡಿನ ಬೆಲ್ಮಾಂಟ್ ಭವನದಲ್ಲಿ ಕೂತು ಚರ್ಚಿಸಿತು. ವರದಿಯ ಮೇಲೆ ತತ್ವಶಾಸ್ತ್ರಜ್ಞರ ಹಳೆಯ ದೂರೊಂದಿದೆ. ಮೊದಲ ತತ್ವದಲ್ಲಿ ಕಾಂಟ್ ಇದ್ದಾನೆ, ಎರಡನೆಯದರಲ್ಲಿ ಮಿಲ್‌ನ ನೆರಳಿದೆ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬೇಡ ಎನ್ನುವವನನ್ನೂ ಒಟ್ಟು ಸುಖದ ಲೆಕ್ಕ ಹಾಕುವವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಜಗಳ ಬಂದರೆ ಯಾರ ಮಾತು ನಡೆಯಬೇಕೆಂದು ಹೇಳದಿದ್ದರೆ ಹೇಗೆ? ಈ ದೂರಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಆಯೋಗದ ಜೊತೆ ದುಡಿದ ಸ್ಟೀಫನ್ ಟೂಲ್ಮಿನ್ ಮುಂದೆ ಒಂದು ಕುತೂಹಲದ ಸಂಗತಿ ಬರೆದ: ನಿರ್ದಿಷ್ಟ ಪ್ರಕರಣ ಎದುರಿಗಿದ್ದಾಗ ಸದಸ್ಯರು ಬಹುಮಟ್ಟಿಗೆ ಒಪ್ಪುತ್ತಿದ್ದರು, ಯಾಕೆ ಒಪ್ಪಿದೆವೆಂದು ವಿವರಿಸಹೊರಟಾಗ ಬೇರೆಬೇರೆ ದಾರಿ ಹಿಡಿಯುತ್ತಿದ್ದರು. ವರದಿಯಲ್ಲೂ ಆ ಪ್ರಾಮಾಣಿಕತೆ ಉಳಿದಿದೆ. ಕೈದಿಗಳ ಮಾತು ಬಂದಾಗ, ಅವರಿಗೂ ಸ್ವಇಚ್ಛೆಯಿಂದ ಪಾಲ್ಗೊಳ್ಳುವ ಅವಕಾಶ ಕೊಡುವುದು ಗೌರವವೋ, ಜೈಲಿನೊಳಗಿನ ಒತ್ತಡದಿಂದ ಅವರನ್ನು ಕಾಯುವುದು ಗೌರವವೋ ಎಂದು ಕೇಳಿ, ಉತ್ತರವನ್ನು ಒತ್ತಾಯದಿಂದ ಮುಗಿಸದೆ ತೂಗಿನೋಡಲು ಬಿಡುತ್ತದೆ. ವರದಿಯ ಅತ್ಯುತ್ತಮ ಭಾಗ ಅದೇ.

ನಿಜವಾದ ಕೊರತೆ ಇರುವುದು ತತ್ವಗಳನ್ನು ಆಚರಣೆಗೆ ಇಳಿಸುವ ಕೊನೆಯ ಭಾಗದಲ್ಲಿ. ಗೌರವಕ್ಕೆ ಅಲ್ಲಿ ಒಪ್ಪಿಗೆ ಎಂಬ ರೂಪ ಸಿಗುತ್ತದೆ: ಮಾಹಿತಿ ಕೊಡಬೇಕು, ಅದು ಅರ್ಥವಾಗಬೇಕು, ಬಲವಂತ ಇರಬಾರದು. ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಯಾವ ಕಚೇರಿಯೂ ಒಂದು ನಮೂನೆಯನ್ನಾಗಿ ಅಚ್ಚು ಹಾಕಿಸಬಲ್ಲದು. ನ್ಯಾಯದ ಬಗ್ಗೆ ವರದಿ ಎತ್ತುವ ಪ್ರಶ್ನೆ ಇದಕ್ಕಿಂತ ಆಳದ್ದು. ಸುಲಭವಾಗಿ ಸಿಗುತ್ತಾರೆ, ಎದುರಾಡುವ ಸ್ಥಿತಿಯಲ್ಲಿಲ್ಲ ಎಂಬ ಕಾರಣಕ್ಕೇ ಜನರನ್ನು ಆಯ್ದುಕೊಂಡಿದ್ದೀರಾ? ಆದರೆ ಈ ಪ್ರಶ್ನೆಯನ್ನು ಯಾರು, ಯಾವ ಹಂತದಲ್ಲಿ, ಯಾವ ಪುರಾವೆ ಇಟ್ಟುಕೊಂಡು ಕೇಳಬೇಕು ಎಂಬುದಕ್ಕೆ ಅಷ್ಟು ಹಿಡಿತದ ಉತ್ತರವಿಲ್ಲ. ಮೇಕನ್ ಕೌಂಟಿಯವರಿಗೆ ಎಲ್ಲವನ್ನೂ ತಿಳಿಸಿ ಸಹಿ ಪಡೆದಿದ್ದರು ಎಂದೇ ಇಟ್ಟುಕೊಳ್ಳೋಣ. ವೈದ್ಯರನ್ನೇ ಕಾಣದ ಗೇಣಿದಾರರೇ ಈ ಕೆಲಸಕ್ಕೆ ಯಾಕೆ ಬೇಕಾಯಿತು ಎಂಬ ಪ್ರಶ್ನೆ ಆಗಲೂ ಇದ್ದಲ್ಲೇ ಇರುತ್ತಿತ್ತು.

ನಮ್ಮ ಪಕ್ಕದ ಖಮ್ಮಂನಲ್ಲಿ ಆದದ್ದೂ ಇದೇ. 2009ರಲ್ಲಿ, ಆಗ ಆಂಧ್ರದಲ್ಲಿದ್ದ ಆ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಹಾಕಿದರು. ಅವರಲ್ಲಿ ಅನೇಕರು ಹಾಸ್ಟೆಲ್‌ಗಳಲ್ಲಿದ್ದ ಬುಡಕಟ್ಟು ಮಕ್ಕಳು. ಕೆಲವು ಸಾವುಗಳ ಸುದ್ದಿ ಬಂದ ಮೇಲೆ 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವಿಗೆ ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಸಾಬೀತಾಗಲಿಲ್ಲ. ಲಸಿಕೆಯ ಮೇಲೆ ನನ್ನ ದೂರೂ ಇಲ್ಲ. ಇದು ಔಷಧ ಪರೀಕ್ಷೆಯಲ್ಲ, ಬರೀ ಪ್ರಾತ್ಯಕ್ಷಿಕೆ ಎಂದು ನಡೆಸಿದವರು ವಾದಿಸಿದರು. ಚಿಕಿತ್ಸೆಯ ಜೊತೆ ಸಂಶೋಧನೆಯ ಅಂಶ ಸ್ವಲ್ಪ ಬೆರೆತಿದ್ದರೂ ಪರಿಶೀಲನೆ ನಡೆಯಬೇಕೆಂದು ಬೆಲ್ಮಾಂಟ್ ಮೊದಲ ಭಾಗದಲ್ಲೇ ಹೇಳಿದ್ದನ್ನು ಅವರು ಮರೆತಂತಿತ್ತು. ಹೆತ್ತವರ ಜಾಗದಲ್ಲಿ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಕಟುವಾಗಿ ಟೀಕಿಸಿತು.

ಗದ್ದಲವೆಲ್ಲ ಆ ಸಹಿಯ ಸುತ್ತಲೇ ಆಯಿತು. ನೂರಾರು ಹುಡುಗಿಯರು ಒಂದೇ ಸೂರಿನಡಿ, ಒಬ್ಬ ವಾರ್ಡನ್‌ನ ಮಾತಿನಡಿ ಸಿಗುತ್ತಾರೆ ಎಂಬುದೇ ಹಾಸ್ಟೆಲ್‌ಗಳನ್ನು ಆರಿಸಲು ಕಾರಣವಾಗಿತ್ತೇ ಎಂದು ಕೇಳಿದವರು ಕಡಿಮೆ. 2013ರಲ್ಲೇ ನಮ್ಮ ಸರ್ಕಾರ ತಂದ ಸುಧಾರಣೆಯೂ ಅದೇ ಜಾಡಿನದು: ಔಷಧ ಪರೀಕ್ಷೆಗಳಲ್ಲಿ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕು ಎಂಬ ನಿಯಮ. ಬೇಡವೆನ್ನುವುದಿಲ್ಲ, ಮೋಸದ ಸಹಿ ಅದರಿಂದ ಕಡಿಮೆಯಾದೀತು. ಆದರೆ ನೈತಿಕ ಸಮಿತಿ ಅರ್ಜಿ ನೋಡುವ ದಿನವೇ, ಈ ಊರನ್ನೇ ಯಾಕೆ ಆರಿಸಿದಿರಿ, ಔಷಧ ಪೇಟೆಗೆ ಬಂದಾಗ ಇಲ್ಲಿಯವರ ಕೈಗೆಟಕುವ ಬೆಲೆಗೆ ಸಿಗುತ್ತದೆಯೇ ಎಂಬೆರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದು, ಉತ್ತರ ಸಾಲದಿದ್ದರೆ ಅರ್ಜಿಯನ್ನೇ ಹಿಂದಕ್ಕೆ ಕಳಿಸಬೇಕು. ಹಾಗೆ ಮಾಡುವುದಕ್ಕೆ ಕ್ಯಾಮೆರಾವೂ ಬೇಡ, ಹೊಸ ಕಾಯ್ದೆಯೂ ಬೇಡ.