ಯಕೃತ್ತಿನ ಹುಳು ಮತ್ತು ಶ್ರವಣಾತೀತ ಚಿತ್ರ: ಒಂದು ವಿಮರ್ಶೆ

ಥಾಯ್ಲೆಂಡಿನ ಈಶಾನ್ಯ ಭಾಗವಾದ ಈಸಾನ್ ಪ್ರದೇಶದ ಬೇಸಾಯಗಾರರ ಪಿತ್ತನಾಳಗಳಲ್ಲಿ ಓಪಿಸ್ತಾರ್ಕಿಸ್ ವಿವೆರಿನಿ ಎಂಬ ಚಪ್ಪಟೆ ಹುಳು ವಾಸಿಸುತ್ತದೆ. ಮನುಷ್ಯರಲ್ಲಿ ಅರ್ಬುದವನ್ನು ಉಂಟುಮಾಡುವುದೆಂದು ನಿಶ್ಚಿತವಾದ ಕಾರಣಗಳ ವರ್ಗದಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 1994ರಲ್ಲಿ ಇದನ್ನು ಸೇರಿಸಿತು. ಕೊನ್ ಕೇನ್ ಪ್ರಾಂತದಲ್ಲಿ ದಾಖಲಾಗಿರುವ ಪಿತ್ತನಾಳದ ಅರ್ಬುದದ ಪ್ರಮಾಣವು ಜಗತ್ತಿನಲ್ಲಿಯೇ ಅತ್ಯಧಿಕವಾದುವುಗಳಲ್ಲಿ ಒಂದು. ಈ ರೋಗವನ್ನು ಮುಂಚಿತವಾಗಿ ಗುರುತಿಸಲು ಶ್ರವಣಾತೀತ ಧ್ವನಿಯ ಪರೀಕ್ಷೆ, ಎಂದರೆ ಅಲ್ಟ್ರಾಸೌಂಡ್, ಇಂದು ಅಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದು ಒದಗಿಸುವ ಸಾಕ್ಷ್ಯದ ಬೆಲೆಯನ್ನೂ ಮಿತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುಳುವಿನ ಮರಿಗಳು ಬಸವನಹುಳುವಿನಲ್ಲಿ ಬೆಳೆದು, ಅಲ್ಲಿಂದ ಗೆಂಡೆ ಕುಲದ ಮೀನುಗಳ ಮಾಂಸವನ್ನು ಸೇರುತ್ತವೆ. ಹಸಿ ಮೀನನ್ನು ಕೊಚ್ಚಿ ನಿಂಬೆರಸ, ಮೆಣಸಿನಕಾಯಿ ಬೆರೆಸಿದ ‘ಕೋಯ್ ಪ್ಲಾ’ ಎಂಬ ಭಕ್ಷ್ಯದ ಮೂಲಕ ಅವು ಮನುಷ್ಯನ ಒಡಲನ್ನು ಹೊಗುತ್ತವೆ. ನಿಂಬೆಯ ಹುಳಿಗೆ ಅವು ಸಾಯುವುದಿಲ್ಲ. ವರ್ಷಗಟ್ಟಲೆ ಬದುಕುವ ಹುಳುಗಳ ಘರ್ಷಣೆಯಿಂದಲೂ ಅವು ಸ್ರವಿಸುವ ದ್ರವ್ಯಗಳಿಂದಲೂ ನಾಳದ ಗೋಡೆ ಉರಿಯೂತಕ್ಕೆ ಗುರಿಯಾಗಿ, ಸುತ್ತಲೂ ನಾರಿನಂಥ ಅಂಗಾಂಶ ಬೆಳೆಯುತ್ತದೆ. ದಶಕಗಳ ತರುವಾಯ ಕೆಲವರಲ್ಲಿ ಅರ್ಬುದ ತಲೆದೋರುತ್ತದೆ.

ಮಲಪರೀಕ್ಷೆಯು ಹುಳುವಿನ ಮೊಟ್ಟೆಗಳನ್ನು ತೋರಿಸಬಲ್ಲದೇ ಹೊರತು ನಾಳಕ್ಕಾದ ಹಾನಿಯನ್ನು ತೋರಿಸಲಾರದು. ಹಿಂದೆ ಶವಪರೀಕ್ಷೆ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಮಾತ್ರ ನೇರವಾಗಿ ಕಾಣಸಿಗುತ್ತಿದ್ದ ಈ ಹಾನಿಯನ್ನು ಹಳ್ಳಿಯಲ್ಲಿಯೇ, ಬದುಕಿರುವವನಲ್ಲಿ, ನೋವಿಲ್ಲದೆ ನೋಡುವಂತಾದುದು ಅಲ್ಟ್ರಾಸೌಂಡಿನ ದೊಡ್ಡ ಸಾಧನೆ. ಹಿಗ್ಗಿದ ಪಿತ್ತಕೋಶ, ಊಟದ ನಂತರವೂ ಸರಿಯಾಗಿ ಕುಗ್ಗದಿರುವುದು, ಒಳಗೆ ಮಡುಗಟ್ಟಿದ ಪಿತ್ತರಸ, ನಾಳಗಳ ಸುತ್ತ ಹೊಳೆಯುವ ಬಿಳಿಯ ಗೆರೆಗಳು—ಇವು ಮುಖ್ಯ ಲಕ್ಷಣಗಳು. ಪ್ರಾಜಿಕ್ವಾಂಟೆಲ್ ಔಷಧದಿಂದ ಹುಳುಗಳು ಸತ್ತ ಮೇಲೆ ಪಿತ್ತಕೋಶದ ವಿಕಾರಗಳು ಬಹುಮಟ್ಟಿಗೆ ಹಿಂದಿರುಗುತ್ತವೆಂಬುದನ್ನೂ ಇದೇ ಪರೀಕ್ಷೆ ತೋರಿಸಿಕೊಟ್ಟಿತು.

ಹೀಗಿದ್ದರೂ ಚಿತ್ರವನ್ನು ರೋಗವೆಂದೇ ತಿಳಿಯುವುದು ಯುಕ್ತವಲ್ಲ. ಬಿಳಿಯ ಗೆರೆ ಎಂಬುದು ಧ್ವನಿಯನ್ನು ಹೆಚ್ಚಾಗಿ ಪ್ರತಿಫಲಿಸಿದ ಅಂಗಾಂಶದ ಗುರುತು, ಅಷ್ಟೆ. ಷಿಸ್ಟೊಸೋಮ ಹುಳುವಿನ ಸೋಂಕಿನಲ್ಲಿಯೂ ಇದನ್ನು ಹೋಲುವ ಗೆರೆಗಳು ಕಾಣುತ್ತವೆ. ಗೆರೆಗಳು ಅಂಚಿನ ಸಣ್ಣ ನಾಳಗಳಲ್ಲಿವೆಯೋ ಮುಖ್ಯ ನಾಳಗಳವರೆಗೆ ಹಬ್ಬಿವೆಯೋ ಎಂಬುದರ ಮೇಲೆ ದರ್ಜೆಗಳನ್ನು ಕಲ್ಪಿಸಿದ್ದಾರೆ. ಆದರೆ ದರ್ಜೆಯ ನಿರ್ಣಯವು ನೋಡುವವನ ಕಣ್ಣು, ಕೈ, ಅನುಭವಗಳನ್ನು ಅವಲಂಬಿಸಿದೆ.

ಇದಕ್ಕಿಂತ ಗಂಭೀರವಾದುದು ‘ದೋಷವಿಲ್ಲ’ ಎಂಬ ವರದಿ. ಗಡ್ಡೆಯಾಗಿ ಬೆಳೆಯುವ ಅರ್ಬುದ ತಕ್ಕಮಟ್ಟಿಗೆ ಬೇಗ ಕಣ್ಣಿಗೆ ಬೀಳುತ್ತದೆ. ನಾಳದ ಗೋಡೆಯಗುಂಟ ಹರಡುವ ಅರ್ಬುದವಾದರೋ, ಅದರ ಹಿಂದಿನ ನಾಳ ಹಿಗ್ಗಿದಾಗ ಮಾತ್ರ ಅನೇಕ ವೇಳೆ ಸುಳಿವು ಕೊಡುತ್ತದೆ. ಕೊಬ್ಬು ತುಂಬಿದ ಯಕೃತ್ತು ಆಳದ ಭಾಗಗಳನ್ನೂ, ಕರುಳಿನ ವಾಯು ಪಿತ್ತನಾಳದ ಕೆಳಭಾಗವನ್ನೂ ಮರೆಮಾಡುತ್ತವೆ. ಸಂದೇಹವಿದ್ದಲ್ಲಿ ಸಿ.ಟಿ. ಅಥವಾ ಎಂ.ಆರ್.ಐ. ಪರೀಕ್ಷೆ ಅನಿವಾರ್ಯ. ಅದಕ್ಕೆ ಹಳ್ಳಿಯವನು ನಗರಕ್ಕೆ ಹೋಗಬೇಕು. ಹೋಗಲಾರದವನ ಪಾಲಿಗೆ ಮೊದಲ ಪರೀಕ್ಷೆ ಉಳಿಸುವುದು ಚಿಂತೆಯೊಂದನ್ನೇ.

ಕೊನ್ ಕೇನ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2013ರಲ್ಲಿ ಆರಂಭವಾದ ‘ಕ್ಯಾಸ್ಕ್ಯಾಪ್’ ಯೋಜನೆ ಈ ಕೊರತೆಯನ್ನು ಅರಿತು, 40 ವರ್ಷ ಮೀರಿದವರ ತಪಾಸಣೆಯನ್ನು ಮುಂದಿನ ಪರೀಕ್ಷೆ ಮತ್ತು ಶಸ್ತ್ರಚಿಕಿತ್ಸೆಗಳೊಡನೆ ಜೋಡಿಸಿತು. ಗುಣವಾಗುವ ಆಸೆ ಮುಖ್ಯವಾಗಿ ಆರಂಭದ ಹಂತದ ಶಸ್ತ್ರಚಿಕಿತ್ಸೆಯಲ್ಲಿರುವುದರಿಂದ ಈ ಕ್ರಮ ಶ್ಲಾಘ್ಯ. ಆದರೆ ಅದರ ಫಲವನ್ನು ಅಳೆಯುವಾಗ ಒಂದು ಎಚ್ಚರ ಅಗತ್ಯ. ರೋಗವನ್ನು 2 ವರ್ಷ ಮೊದಲೇ ಗುರುತಿಸಿದರೆ, ಮರಣದ ದಿನ ಬದಲಾಗದಿದ್ದರೂ ರೋಗಿಯು 2 ವರ್ಷ ಹೆಚ್ಚು ಬದುಕಿದಂತೆ ಲೆಕ್ಕದಲ್ಲಿ ತೋರುತ್ತದೆ. ಆದುದರಿಂದ ಗುರುತಿಸಿದಂದಿನಿಂದ ಎಣಿಸಿದ ಆಯುಷ್ಯ ಸಾಲದು. ಆ ಜನಸಮುದಾಯದಲ್ಲಿ ಈ ರೋಗದ ಮರಣಗಳು ಇಳಿದಿವೆಯೇ ಎಂಬುದೇ ಸರಿಯಾದ ಒರೆಗಲ್ಲು.

ಚಿತ್ರವು ಹಾನಿಯಾದ ಮೇಲೆ ಬರುವ ಸಾಕ್ಷ್ಯವೆಂಬುದನ್ನೂ ಮರೆಯಲಾಗದು. ಔಷಧ ಸೇವಿಸಿದವನು ಪುನಃ ಹಸಿ ಮೀನನ್ನು ತಿಂದರೆ ಸೋಂಕು ಮರಳುತ್ತದೆ. ಕೊನ್ ಕೇನ್ ಪ್ರಾಂತದ ಲಾವಾ ಸರೋವರದ ಸುತ್ತಣ ಹಳ್ಳಿಗಳಲ್ಲಿ ಚಿಕಿತ್ಸೆ, ಶಾಲಾ ಶಿಕ್ಷಣ, ಬೆಕ್ಕುನಾಯಿಗಳ ಸೋಂಕಿನ ನಿಯಂತ್ರಣ ಇವನ್ನು ಒಟ್ಟುಗೂಡಿಸಿ ಕೆಲಸ ಮಾಡಿದ ಫಲವಾಗಿ, ಸುಮಾರು ಶೇ. 60ರಷ್ಟಿದ್ದ ಸೋಂಕು ಶೇ. 10ಕ್ಕಿಂತ ಕೆಳಗಿಳಿಯಿತು. ಈಗಾಗಲೇ ಸೋಂಕಿನೊಡನೆ ಬಾಳಿದ ತಲೆಮಾರಿಗೆ ಅಲ್ಟ್ರಾಸೌಂಡ್ ಅವಶ್ಯ. ಮುಂದಿನ ತಲೆಮಾರಿನ ರಕ್ಷಣೆ ಅಡಿಗೆಯ ಒಲೆಯಲ್ಲಿದೆ. ಒಂದರ ಹಣವನ್ನು ಕಡಿದು ಇನ್ನೊಂದಕ್ಕೆ ಕೊಡುವ ಯೋಜನೆ ಎರಡು ತಲೆಮಾರುಗಳಲ್ಲಿ ಒಂದನ್ನು ಕೈಬಿಟ್ಟಂತಾಗುತ್ತದೆ.